ಸ್ಫೂರ್ತಿಯೂ ದಿನಚರಿಯೂ

ಹೊಸ ಭಾವನೆಯೊಂದು ಮನಸ್ಸಿನಲ್ಲಿ ಹೊಳೆಯುವುದು ಮಿಂಚಿನಂತೆ. ಅದು ಕೃತಿಯಾಗಿ ನಿಲ್ಲುವುದು ಹಣತೆಯ ದೀಪದಂತೆ. ಮಿಂಚಿಗೆ ಎಣ್ಣೆಯೂ ಬೇಡ, ಬತ್ತಿಯೂ ಬೇಡ. ಆದರೆ ಮಿಂಚಿನ ಬೆಳಕಿನಲ್ಲಿ ಒಂದು ಪುಟವನ್ನಾದರೂ ಓದಿ ಮುಗಿಸಿದವರಿಲ್ಲ. ಕಥೆ ಬರೆಯಬೇಕು, ವೀಣೆ ಕಲಿಯಬೇಕು, ಅಜ್ಜಿಯ ಬಾಯಲ್ಲಿರುವ ಹಾಡುಗಳನ್ನು ಬರೆದಿಡಬೇಕು ಎಂಬ ಸಂಕಲ್ಪಗಳು ಮನೆಮನೆಯಲ್ಲಿಯೂ ಹುಟ್ಟುತ್ತವೆ. ಮೂರು ಪುಟಕ್ಕೆ ನಿಂತುಹೋದ ಬರವಣಿಗೆಗಳೂ ಮನೆಮನೆಯ ಪೆಟ್ಟಿಗೆಯಲ್ಲಿ ಉಂಟು. ಇದಕ್ಕೆ ಪರಿಹಾರವೇನೆಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ವಿಚಾರಮಾಡಿದ್ದಾರೆ.

ಆಚಾರ್ಯ ದಂಡಿಯು ಕಾವ್ಯಾದರ್ಶದಲ್ಲಿ ಕಾವ್ಯಸಂಪತ್ತಿಗೆ ಮೂರು ಕಾರಣಗಳನ್ನು ಹೇಳುತ್ತಾನೆ: ಸಹಜವಾದ ಪ್ರತಿಭೆ, ನಿರ್ಮಲವಾದ ಬಹುಶ್ರುತತ್ವ, ಜಡವಾಗದ ಅಭಿಯೋಗ. ಅಭಿಯೋಗವೆಂದರೆ ಹಿಡಿದ ಕೆಲಸವನ್ನು ಬಿಡದೆ ನಡೆಸುವ ಪ್ರಯತ್ನ. ಪ್ರತಿಭೆಯು ಕಡಮೆಯಾದವನೂ ವ್ಯಾಸಂಗದಿಂದಲೂ ಪ್ರಯತ್ನದಿಂದಲೂ ವಾಗ್ದೇವಿಯನ್ನು ಸೇವಿಸಿದರೆ ಅವಳ ಅನುಗ್ರಹಕ್ಕೆ ಸ್ವಲ್ಪವಾದರೂ ಪಾತ್ರನಾಗುವನೆಂದು ಆತನ ಅಭಿಪ್ರಾಯ.

ಈ ಅಭಿಯೋಗವನ್ನು ನಡೆಸುವ ಕ್ರಮವನ್ನು ವಿವರಿಸಿದವನು ರಾಜಶೇಖರ. ಕ್ರಿಸ್ತಶಕ 900ರ ಆಸುಪಾಸಿನಲ್ಲಿ ಕನ್ಯಾಕುಬ್ಜದ ಪ್ರತೀಹಾರ ದೊರೆಗಳ ಆಸ್ಥಾನದಲ್ಲಿದ್ದ ಈತನ ಕಾವ್ಯಮೀಮಾಂಸೆಯು 1916ರಲ್ಲಿ ಬಡೋದೆಯಲ್ಲಿ ಅಚ್ಚಾಯಿತು. ಕಾಲನಿಯಮವಿಲ್ಲದ ಕೆಲಸಗಳು ಕೆಡುತ್ತವೆ. ಆದುದರಿಂದ ಕವಿಯು ಹಗಲನ್ನು ನಾಲ್ಕು ಜಾವಗಳಾಗಿ ವಿಭಾಗಿಸಿಕೊಳ್ಳಬೇಕೆಂದು ಅವನ ವಿಧಿ. ಮೊದಲ ಜಾವದಲ್ಲಿ ವ್ಯಾಸಂಗ, ಎರಡನೆಯದರಲ್ಲಿ ರಚನೆ, ಭೋಜನಾನಂತರ ಗೋಷ್ಠಿ, ನಾಲ್ಕನೆಯದರಲ್ಲಿ ಬೆಳಗಿನ ರಚನೆಯ ಪರೀಕ್ಷೆ. ರಸಾವೇಶದಲ್ಲಿ ಬರೆಯುವಾಗ ವಿವೇಕದೃಷ್ಟಿ ಇರುವುದಿಲ್ಲವಾದ್ದರಿಂದ ಈ ಪರೀಕ್ಷೆ ಅಗತ್ಯ. ಹೆಚ್ಚಾದುದನ್ನು ತೆಗೆಯುವುದು, ಕೊರತೆಯನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಸರಿಪಡಿಸುವುದು ಆಗಿನ ಕೆಲಸ. ಆವೇಶಕ್ಕೆ ಒಂದು ಹೊತ್ತು, ವಿವೇಕಕ್ಕೆ ಇನ್ನೊಂದು ಹೊತ್ತು! ಎರಡನ್ನೂ ಒಟ್ಟಿಗೆ ಕೂರಿಸಹೊರಟವನ ಲೇಖನಿಯು ಮೊದಲ ಸಾಲಿನಲ್ಲಿಯೇ ನಿಲ್ಲುವುದು ಸಹಜ.

ಲೇಖನಿ, ಮಸಿ, ತಾಳೆಯೋಲೆ, ಕಂಟಗಳು ಸದಾ ಕೈಗೆಟುಕುವಂತಿರಬೇಕೆಂದೂ ಅವನು ಹೇಳುತ್ತಾನೆ. ಅರ್ಧ ಬರೆದುದನ್ನು ಇತರರಿಗೆ ಓದಿ ಹೇಳಬಾರದು. ಹಾಗೆ ಮಾಡಿದರೆ ಕೃತಿಯು ಅಸಮಾಪ್ತವಾಗಿಯೇ ಉಳಿಯುವುದು. ಶ್ಲಾಘನೆಯು ಮೊದಲೇ ದೊರೆತರೆ ದುಡಿಯುವ ಹಸಿವು ಅಡಗುತ್ತದೆಯಷ್ಟೆ! ಮುಗಿಸುವುದನ್ನೂ ತಿದ್ದುವುದನ್ನೂ ಮುಂದಕ್ಕೆ ಹಾಕುತ್ತ ಹೋಗುವ ಕರ್ತೃವಿನ ಚಾಂಚಲ್ಯವನ್ನು, ಗ್ರಂಥನಾಶದ ಕಾರಣಗಳಲ್ಲಿ, ದೇಶವಿಪ್ಲವದ ಪಕ್ಕದಲ್ಲಿಯೇ ಅವನು ಎಣಿಸಿದ್ದಾನೆ. ಸೈನ್ಯವು ಊರನ್ನು ಸುಟ್ಟರೂ ಒಂದೇ, ನಾಳೆ ನೋಡೋಣವೆಂದರೂ ಒಂದೇ, ಗ್ರಂಥವಂತೂ ಉಳಿಯದು.

ರಾಜಾಸ್ಥಾನದ ಕವಿಗೆ ಜಾವಗಳುಂಟು, ಒಲೆಯ ಮುಂದಿರುವವರಿಗೆಲ್ಲಿ ಎಂದು ನಮ್ಮ ಗೃಹಿಣಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಂಸ್ಕಾರವು ಆತ್ಮಕ್ಕೆ ಸೇರಿದುದಾದ್ದರಿಂದ ಸ್ತ್ರೀಯರೂ ಪುರುಷರಂತೆಯೇ ಕವಿಗಳಾಗಬಹುದೆಂದು ಅದೇ ಗ್ರಂಥವು ಸಾರುತ್ತದೆ; ಪತ್ನಿ ಅವಂತಿಸುಂದರಿಯ ಮತಗಳನ್ನು ರಾಜಶೇಖರನು ಅದರಲ್ಲಿ ಉಲ್ಲೇಖಿಸಿದ್ದಾನೆ. ಜಾವವಿಲ್ಲದಿದ್ದರೆ ಒಂದು ಘಳಿಗೆ ಸಾಕು. ಘಳಿಗೆಯೆಂದರೆ 24 ನಿಮಿಷ. ಪ್ರತಿದಿನವೂ ಒಂದರಂತೆ ವರ್ಷಕ್ಕೆ 146 ಗಂಟೆಗಳಾಗುತ್ತವೆ. ದಿನಕ್ಕೆ 10 ಸಾಲು ಬರೆದವರ ಬಳಿ ವರ್ಷಾಂತ್ಯಕ್ಕೆ 3,650 ಸಾಲುಗಳಿರುತ್ತವೆ. ಆ ಘಳಿಗೆಯನ್ನು ಮನೆಯ ಉಳಿದವರು ಕಾಪಾಡಿಕೊಡಬೇಕು. ಮಕ್ಕಳನ್ನು ಅಷ್ಟು ಹೊತ್ತು ನೋಡಿಕೊಳ್ಳುವುದು ಯಜಮಾನನಿಗೆ ಅಸಾಧ್ಯವೇನೂ ಅಲ್ಲ.

ಕಾವ್ಯಮೀಮಾಂಸೆಯು 18 ಅಧಿಕರಣಗಳ ಗ್ರಂಥವೆಂದು ಆರಂಭದಲ್ಲಿ ಸೂಚಿತವಾಗಿದೆ. ನಮಗೆ ದೊರೆತಿರುವುದು ಮೊದಲನೆಯದು ಮಾತ್ರ. ಆ ಒಂದೇ ಅಧಿಕರಣವು ಸಾವಿರ ವರ್ಷಗಳಾಚೆಗೂ ನಮಗೆ ದಾರಿ ತೋರಿಸುತ್ತಿದೆ. ಆದುದರಿಂದ ಎಲ್ಲವೂ ಸಿದ್ಧವಾದ ಮೇಲೆ ಆರಂಭಿಸುವೆನೆಂದು ಕಾಯಬೇಡಿರಿ. ಅಜ್ಜಿಯ ಹಾಡುಗಳು ಅಜ್ಜಿಯಿರುವಷ್ಟು ದಿನ ಮಾತ್ರ ಮನೆಯಲ್ಲಿರುತ್ತವೆ. ಈ ಸಂಜೆ ದೀಪ ಹಚ್ಚಿದ ಮೇಲೆ ಒಂದು ಹಾಡನ್ನು ಬರೆದುಕೊಳ್ಳಿರಿ. ನಾಳೆ ಅದೇ ಹೊತ್ತಿಗೆ ಎರಡನೆಯದನ್ನು.