ಉಪ್ಪುಗಾಳಿಯ ಊರಿನಲ್ಲಿ ಹೊಸ ಕಾರು: ಏನು ಜೋಡಿಸಬೇಕು, ಏನು ಬೇಡ?

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯ ಮುಚ್ಚಳ ತೆಗೆದು ನೋಡಿ. ಸಾಣಿಕಟ್ಟೆಯ ಹರಳುಪ್ಪು ಒದ್ದೆಯಾಗಿ, ತಳದಲ್ಲಿ ನೀರು ನಿಂತಿರುತ್ತದೆ. ಅದಕ್ಕೆ ಯಾರೂ ನೀರು ಹಾಕಿಲ್ಲ. ಗಾಳಿಯಲ್ಲಿದ್ದ ತೇವವನ್ನು ಉಪ್ಪೇ ಹೀರಿಕೊಂಡಿದೆ. ಕಾಸರಕೋಡಿನಲ್ಲಿ ಹೊಸ ಕಾರು ಕೊಳ್ಳುವವರು ಈ ಭರಣಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಾರಿನ ಬೆಲೆ ನಿಗದಿಯಾದ ಮೇಲೆ ಷೋರೂಮಿನವರು ಇನ್ನೊಂದು ಪಟ್ಟಿಯನ್ನು ಮುಂದಿಡುತ್ತಾರೆ. ಮಡ್‌ಫ್ಲಾಪ್, ಮ್ಯಾಟ್, ಸೀಟ್ ಕವರ್, ಹೆಚ್ಚುವರಿ ದೀಪ, ಹಾರ್ನ್, ಕ್ಯಾಮೆರಾ, ಬಂಪರ್ ಗಾರ್ಡ್, ಅಂಡರ್‌ಬಾಡಿ ಕೋಟಿಂಗ್ ಹೀಗೆ ಅದು ಬೆಳೆಯುತ್ತದೆ. ಹೊರಗಿನ ಅಂಗಡಿಗೆ ಹೋದರೆ ಪಟ್ಟಿ ಇನ್ನೂ ಉದ್ದ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಪ್ರತಿಯೊಂದು ಸಾಮಾನಿನ ಬಗೆಗೂ ಮೂರು ಪ್ರಶ್ನೆ ಕೇಳಿ. ಇದಕ್ಕಾಗಿ ಕಾರಿನ ತಗಡಿಗೆ ತೂತು ಕೊರೆಯಬೇಕೆ? ತಂತಿಯನ್ನು ಕತ್ತರಿಸಬೇಕೆ? ಅಪಘಾತದ ವೇಳೆ ಜೀವ ಉಳಿಸಬೇಕಾದ ಭಾಗಕ್ಕೆ ಇದು ಅಡ್ಡ ಬರುತ್ತದೆಯೆ?

ಉಪ್ಪು ಮಾಡುವ ಕೆಲಸ

ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಲೆ ಒಡೆದಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಒಳನಾಡಿಗೆ ಒಯ್ಯುತ್ತದೆ. ಹನಿಯ ನೀರು ಆರಿ, ಉಪ್ಪಿನ ಕಣ ಕಾರಿನ ಮೇಲೂ ಅಡಿಯಲ್ಲೂ ಕೂರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ದಾಟಿದರೆ ಸೋಡಿಯಂ ಕ್ಲೋರೈಡ್ ತೇವ ಹೀರಿ ಕರಗುತ್ತದೆ. ಸಮುದ್ರದ ಲವಣದಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಅದರ ಅರ್ಧಕ್ಕಿಂತ ಕಡಿಮೆ ಆರ್ದ್ರತೆಯೇ ಸಾಕು. ಹೀಗಾಗಿ ಶರಾವತಿಯ ಅಳಿವೆಯ ಬಳಿ ನಿಂತ ಕಾರಿನ ತಳಭಾಗ ಮಳೆಯಿಲ್ಲದ ದಿನವೂ ಪೂರ್ತಿ ಒಣಗಿರುವುದಿಲ್ಲ.

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಕ್ಸಿಜನ್ ಎರಡೂ ಬೇಕು. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ ಈ ಕ್ರಿಯೆಗೆ ವೇಗ ಬರುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ತಗಡಿಗೆ ಹಲವು ಪದರಗಳ ಲೇಪ ಕೊಟ್ಟಿರುತ್ತಾರೆ. ಅನೇಕ ಕಾರುಗಳಲ್ಲಿ ಎಲ್ಲಕ್ಕಿಂತ ಒಳಗಿನದು ಸತುವಿನ ಪದರ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ತೂತು ಕೊರೆದರೆ

ಡ್ರಿಲ್ ಯಂತ್ರ ಈ ಎಲ್ಲ ಪದರಗಳನ್ನೂ ಕ್ಷಣದಲ್ಲಿ ದಾಟುತ್ತದೆ. ತೂತಿನ ಅಂಚಿನಲ್ಲಿ ಬರಿಯ ಉಕ್ಕು ಉಳಿಯುತ್ತದೆ. ಸ್ಕ್ರೂ ಬಿಗಿದ ಜಾಗದ ಸಂದಿನಲ್ಲಿ ಉಪ್ಪುನೀರು ನಿಂತು, ಬಣ್ಣದ ಅಡಿಯಿಂದಲೇ ತುಕ್ಕು ಹರಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿದರಾಯಿತು ಎಂದು ಹಲವರು ತಿಳಿಯುತ್ತಾರೆ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ತಾಗಿದರೆ ಸಣ್ಣದೊಂದು ವಿದ್ಯುತ್ ಕೋಶವೇ ಆಗುತ್ತದೆ. ಆಗ ಸ್ಕ್ರೂ ಹೊಳೆಯುತ್ತಲೇ ಇರುತ್ತದೆ, ಅದರ ಸುತ್ತಲಿನ ತಗಡು ಸವೆಯುತ್ತದೆ.

ಮಡ್‌ಫ್ಲಾಪ್ ನಮ್ಮ ಕೆಸರು ರಸ್ತೆಗಳಿಗೆ ಬೇಕಾದದ್ದೇ. ಆದರೆ ನಿಮ್ಮ ಕಾರಿನ ಮಾದರಿಗೆಂದೇ ತಯಾರಾದದ್ದನ್ನು ಕೊಳ್ಳಿ. ಅದು ಕಂಪನಿ ಬಿಟ್ಟಿರುವ ತೂತುಗಳಿಗೆ ಕ್ಲಿಪ್ಪಿನಿಂದಲೇ ಕೂರುವಂತಿರಲಿ. ಕೊರೆಯದೆ ಆಗುವುದೇ ಇಲ್ಲ ಎಂದಾದರೆ ತೂತಿನ ಅಂಚನ್ನು ಉಜ್ಜಿ, ಸತುವಿರುವ ಪ್ರೈಮರ್ ಮತ್ತು ಬಣ್ಣ ಬಳಿಸಿ, ಒಣಗಿದ ಮೇಲೆ ರಬ್ಬರ್ ವಾಷರ್ ಇಟ್ಟು ಬಿಗಿಸಿ.

ಅಂಡರ್‌ಬಾಡಿ ಕೋಟಿಂಗ್‌ಗೆ ತೂತು ಬೇಕಿಲ್ಲ. ಆದರೂ ಕಾರ್ಖಾನೆಯಿಂದಲೇ ಎಷ್ಟು ಲೇಪ ಬಂದಿದೆ ಎಂದು ಮೊದಲು ಕೇಳಿ. ಮಾಡಿಸುವುದಾದರೆ ಕಾರು ಹೊಸದಾಗಿ, ತಳ ಒಣಗಿ ಶುಚಿಯಾಗಿರುವಾಗಲೇ ಮಾಡಿಸಿ. ಒದ್ದೆ ಕೆಸರಿನ ಮೇಲೆ ಬಳಿದ ಲೇಪ ಉಪ್ಪನ್ನು ಒಳಗೇ ಹಿಡಿದಿಡುತ್ತದೆ. ಬಾಗಿಲು ಮತ್ತು ತಳದಲ್ಲಿ ನೀರು ಹೊರಹೋಗಲು ಬಿಟ್ಟಿರುವ ತೂತುಗಳು ಮುಚ್ಚಿಹೋಗಬಾರದು. ಸೈಲೆನ್ಸರ್ ಮತ್ತು ಬ್ರೇಕಿನ ಭಾಗಗಳಿಗೆ ಲೇಪ ತಾಗಬಾರದು.

ತಂತಿ ಕತ್ತರಿಸಿದರೆ

ಕಾರಿನ ಬ್ಯಾಟರಿ 12 ವೋಲ್ಟಿನದು. 60 ವಾಟಿನ ಎರಡು ಹ್ಯಾಲೊಜೆನ್ ಬಲ್ಬುಗಳಿಗೆ ಒಟ್ಟು 10 ಆಂಪಿಯರ್ ಪ್ರವಾಹ ಬೇಕು. ಇನ್ನೂ ಬೆಳಕು ಬೇಕೆಂದು 100 ವಾಟಿನವನ್ನು ಹಾಕಿದರೆ ಪ್ರವಾಹ 16.7 ಆಂಪಿಯರಿಗೆ ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ಆಗ ಫ್ಯೂಸ್ ಸುಟ್ಟರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಅಲ್ಲಿಗೆ ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ತಂತಿ.

ಹೊದಿಕೆ ಸುಲಿದು, ಹೊಸ ತಂತಿ ಸುತ್ತಿ, ಟೇಪ್ ಅಂಟಿಸಿದ ಜೋಡಣೆ ನಮ್ಮ ಕರಾವಳಿಯಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ತೇವ ಟೇಪಿನೊಳಗೆ ನುಸುಳಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ರೋಧ ಹೆಚ್ಚುತ್ತದೆ. ರೋಧ ಒಂದು ಓಮಿನ ಹತ್ತನೇ ಒಂದು ಭಾಗವಾದರೂ ಸಾಕು, 10 ಆಂಪಿಯರ್ ಹರಿದಾಗ ಉಗುರಿನಷ್ಟು ಜಾಗದಲ್ಲಿ 10 ವಾಟ್ ಶಾಖ ಹುಟ್ಟುತ್ತದೆ.

ಹೆಚ್ಚುವರಿ ದೀಪ ಬೇಕೇಬೇಕೆಂದರೆ ಪ್ರತ್ಯೇಕ ರಿಲೇ, ಬ್ಯಾಟರಿಯ ಹತ್ತಿರವೇ ಅದರದೇ ಫ್ಯೂಸ್, ನೀರು ಹೋಗದ ಕನೆಕ್ಟರ್ ಈ ಮೂರೂ ಇರಬೇಕು. ಕಂಪನಿಯ ಮೂಲ ತಂತಿಗೆ ಕತ್ತರಿ ತಾಗಬಾರದು; ತಾಗಿದರೆ ವಾರಂಟಿಯ ಮಾತು ಬಂದಾಗ ಅದೇ ತಕರಾರಾಗಬಹುದು. ಕ್ಯಾಮೆರಾ ಜೋಡಿಸುವುದಾದರೆ ಕೀಲಿ ತೆಗೆದಾಗ ಅದೂ ಆರುವಂತಿರಲಿ. ಸದಾ 0.3 ಆಂಪಿಯರ್ ಎಳೆಯುವ ಉಪಕರಣ, ನಿಂತ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಐದು ದಿನದೊಳಗೆ ಬರಿದು ಮಾಡುತ್ತದೆ.

ಜೀವಕ್ಕೆ ಅಡ್ಡ ಬಂದರೆ

ಕಾರಿನ ಮುಂಭಾಗ ಡಿಕ್ಕಿಯಲ್ಲಿ ನಜ್ಜುಗುಜ್ಜಾಗುವುದು ದೋಷವಲ್ಲ. ಅದು ಕುಸಿಯುತ್ತಾ ಆಘಾತದ ಶಕ್ತಿಯನ್ನು ತಾನು ನುಂಗುವಂತೆಯೇ ರಚಿಸಿರುತ್ತಾರೆ. ಮುಂದೆ ಉಕ್ಕಿನ ಗಾರ್ಡ್ ಕಟ್ಟಿದರೆ ಪೆಟ್ಟು ನೇರವಾಗಿ ಚಾಸಿಗೆ ಹೋಗುತ್ತದೆ. ಗಾಳಿಚೀಲ ಯಾವಾಗ ಬಿಚ್ಚಬೇಕೆಂಬ ಲೆಕ್ಕವೂ ತಪ್ಪಬಹುದು. ಹೆದ್ದಾರಿ ದಾಟುವ ಪಾದಚಾರಿಗೆ ಆ ಗಾರ್ಡ್ ಇನ್ನೂ ಅಪಾಯ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಅದಕ್ಕೆ ಆಧಾರ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ.

ಸೀಟ್ ಕವರ್ ಕೊಳ್ಳುವ ಮುನ್ನ ಆಸನದ ಹೊರಬದಿಯನ್ನು ನೋಡಿ. ಅಲ್ಲಿ ‘ಏರ್‌ಬ್ಯಾಗ್’ ಎಂಬ ಗುರುತಿದ್ದರೆ ಪಕ್ಕದ ಗಾಳಿಚೀಲ ಆ ಹೊಲಿಗೆಯನ್ನು ಸೀಳಿಕೊಂಡು ಹೊರಬರಬೇಕು. ಕಣ್ಣು ಮಿಟುಕಿಸುವಷ್ಟು ಸಮಯವೂ ಅದಕ್ಕಿಲ್ಲ. ದಪ್ಪ ಕವರ್ ಅದನ್ನು ತಡೆಯುತ್ತದೆ. ಆ ಬದಿ ತೆರೆದಿರುವ, ಅಥವಾ ಗಾಳಿಚೀಲಕ್ಕೆಂದೇ ಹೊಲಿಗೆ ಹಾಕಿದ ಕವರನ್ನಷ್ಟೇ ಕೊಳ್ಳಿ.

ಮ್ಯಾಟ್ ತೀರ ಸಾಮಾನ್ಯ ವಸ್ತು ಎನಿಸಬಹುದು. 2009ರಲ್ಲಿ ಅಮೆರಿಕದಲ್ಲಿ ಟೊಯೋಟ ಕಂಪನಿ ಸುಮಾರು 38 ಲಕ್ಷ ವಾಹನಗಳನ್ನು ತಿದ್ದುಪಡಿಗೆ ಕರೆಯಬೇಕಾಯಿತು. ಜಾರಿದ ಮ್ಯಾಟ್‌ಗೆ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಳ್ಳುವ ಅಪಾಯವೇ ಕಾರಣ. ಒಂದರ ಮೇಲೊಂದು ಮ್ಯಾಟ್ ಹಾಸಬೇಡಿ. ಚಾಲಕನ ಬದಿಯ ಮ್ಯಾಟ್ ನೆಲದ ಕೊಂಡಿಗೆ ಸಿಕ್ಕಿಸುವಂಥದ್ದಾಗಿರಲಿ.

ಮೊದಲು ಕೊಳ್ಳಬೇಕಾದವು

ಮೂರೂ ಪ್ರಶ್ನೆಗಳಲ್ಲಿ ಪಾಸಾಗುವ ಅಗ್ಗದ ಸಾಮಾನುಗಳೇ ಕರಾವಳಿಗೆ ಹೆಚ್ಚು ಉಪಯುಕ್ತ. ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಮೊದಲನೆಯದು. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ನಮ್ಮ ಕಡಲತೀರದಿಂದ ಮರಳಿ ಬಂದವರ ಒದ್ದೆ ಕಾಲು ಮ್ಯಾಟಿನ ಮೇಲೆಯೇ ಇಳಿಯುತ್ತದೆ. ಉಪ್ಪುನೀರು ಕಾರ್ಪೆಟ್ಟಿನ ಅಡಿಗೆ ಹೋದರೆ ಆರುವುದಿಲ್ಲ. ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಡಿಕ್ಕಿಗೊಂದು ರಬ್ಬರ್ ಟ್ರೇ ಎರಡನೆಯದು. ಟೊಂಕದಿಂದ ತಂದ ಮೀನಿನ ಬುಟ್ಟಿ ಸೋರಿದರೂ ಟ್ರೇಯನ್ನು ತೆಗೆದು ತೊಳೆಯಬಹುದು. ಕಾರಿಗೆ ಹೊದಿಕೆ ಬೇಕಿದ್ದರೆ ಗಾಳಿಯಾಡುವ ಬಟ್ಟೆಯದಿರಲಿ. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ.

ಎಲ್ಲಕ್ಕಿಂತ ಅಗ್ಗದ್ದು ಬಾವಿಯ ಸಿಹಿನೀರು. ವಾರಕ್ಕೊಮ್ಮೆ, ಕಡಲತೀರಕ್ಕೆ ಹೋಗಿಬಂದ ದಿನ ತಪ್ಪದೆ, ಚಕ್ರದ ಒಳಭಾಗಕ್ಕೂ ತಳಕ್ಕೂ ಪೈಪಿನಿಂದ ನೀರು ಹಾಯಿಸಿ.

ಜೋಡಿಸಿದ ಸಾಮಾನಿನ ಬಿಲ್ಲನ್ನು ಜೋಪಾನವಾಗಿಡಿ, ವಿಮೆ ಮಾಡಿಸುವಾಗ ಅದರ ಬೆಲೆಯನ್ನೂ ತಿಳಿಸಿ. ಕಂಪನಿಯಿಂದ ಬಾರದ ಸಾಮಾನು ಪಾಲಿಸಿಯಲ್ಲಿ ತಾನಾಗಿ ಸೇರಿರುವುದಿಲ್ಲ. ಪಟ್ಟಿಯಲ್ಲಿ ಉಳಿದವುಗಳಿಗೆ ಅವಸರವಿಲ್ಲ. ಒಂದು ಮಳೆಗಾಲ ಕಾರು ಓಡಿಸಿ ನೋಡಿ. ಆಮೇಲೂ ಬೇಕೆನಿಸಿದ್ದನ್ನು ಕೊಳ್ಳಬಹುದು.