ಬಾಲ್ಟಿಕ್ ತೀರದ ಹಾಯಿದೋಣಿಗಳೂ ಹಿಮಕಾಲದ ಯಂತ್ರರಕ್ಷಣೆಯೂ

ಹಾಯಿಯ ನೌಕೆಗಳಲ್ಲಿ ಡೀಸೆಲ್ ಯಂತ್ರವು ನೆಲೆಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಅಮುಂಡ್ಸೆನನು 1910ರಲ್ಲಿ ದಕ್ಷಿಣಧ್ರುವದತ್ತ ಹೊರಟ ‘ಫ್ರಾಮ್’ ನೌಕೆಯಲ್ಲಿ ಅಂತಹ ಯಂತ್ರವಿದ್ದುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಇಂದು ಸ್ವೀಡನ್, ಫಿನ್ಲೆಂಡ್ ತೀರಗಳ ಸಣ್ಣ ಹಾಯಿದೋಣಿಗಳಲ್ಲಿಯೂ ಅದು ಸಾಮಾನ್ಯ. ಹಿಮಕಾಲಕ್ಕೆ ಮುನ್ನ ಈ ದೋಣಿಗಳನ್ನು ದಡಕ್ಕೆ ಎತ್ತಿಡುತ್ತಾರೆ. ಆಗ ಯಂತ್ರವನ್ನು ಕೆಡಿಸುವುದು ಬರಿಯ ಚಳಿಯಲ್ಲ, ಒಳಗುಳಿದ ನೀರು.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣವು ಆ ಒತ್ತಡಕ್ಕೆ ಬಿರಿಯುತ್ತದೆ. ಉಪ್ಪುನೀರಾದ್ದರಿಂದ ಭಯವಿಲ್ಲವೆನ್ನುವುದು ತಪ್ಪು. ಮಹಾಸಾಗರದ ನೀರು ಸುಮಾರು −1.8 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುವುದು. ಉಪ್ಪು ತೀರ ಅಲ್ಪವಾದ ಬಾಲ್ಟಿಕ್ ನೀರಿಗೆ 0 ಡಿಗ್ರಿಗಿಂತ ತುಸು ಕೆಳಗಿಳಿದರೆ ಸಾಕು.

ಆದುದರಿಂದ ಯಂತ್ರವನ್ನು ಓಡಿಸಿ ಬಿಸಿಮಾಡಿ, ಹಳೆಯ ಎಣ್ಣೆಯನ್ನು ತೆಗೆದು ಹೊಸದನ್ನು ತುಂಬುತ್ತಾರೆ; ಹಳೆಯದರಲ್ಲಿನ ಆಮ್ಲಾಂಶವು ತಿಂಗಳುಗಟ್ಟಲೆ ನಿಂತು ಲೋಹವನ್ನು ತಿನ್ನದಿರಲೆಂದು. ಇಂಧನದ ತೊಟ್ಟಿಯನ್ನೂ ತುಂಬಿಡುವುದು ರೂಢಿ. ಬಳಿಕ ಸಮುದ್ರಜಲವನ್ನು ಸೆಳೆಯುವ ಕೊಳವೆಯನ್ನು ಗ್ಲೈಕಾಲ್ ಬೆರೆಸಿದ ದ್ರವದ ಬಕೆಟ್ಟಿನಲ್ಲಿ ಇಳಿಬಿಟ್ಟು, ಹೊಗೆಕೊಳವೆಯಿಂದ ಆ ದ್ರವದ ಬಣ್ಣ ಕಾಣುವವರೆಗೆ ಯಂತ್ರವನ್ನು ನಡೆಸುವರು.

ಅನೇಕರು ಮೋಸಹೋಗುವುದು ಇಲ್ಲಿಯೇ. ಸಮುದ್ರಜಲವೇ ನೇರವಾಗಿ ಯಂತ್ರವನ್ನು ತಣಿಸುವ ಏರ್ಪಾಡಿನಲ್ಲಿ, ಯಂತ್ರವು ಬಿಸಿಯಾಗದೆ ಥರ್ಮೊಸ್ಟಾಟ್ ಮುಚ್ಚಿದ್ದರೆ, ದ್ರವವು ಬಳಸುದಾರಿಯಿಂದಲೇ ಹೊರಬೀಳುವುದು. ಬಣ್ಣವೇನೋ ಕಾಣುತ್ತದೆ, ಒಡಲಿನ ನೀರು ಮಾತ್ರ ಅಲ್ಲಿಯೇ ಉಳಿದಿರುತ್ತದೆ. ಮೊದಲು ಕೆಳಗಿನ ತಿರುಪನ್ನು ಬಿಚ್ಚಿ ಅದನ್ನು ಬಸಿಯದಿದ್ದವನಿಗೆ ಇದು ತಿಳಿಯುವುದು ವಸಂತದಲ್ಲಿ, ಬಿರುಕಿನಿಂದ ನೀರು ಸೇರಿ ಎಣ್ಣೆಯು ಹಾಲಿನಂತೆ ಬೆಳ್ಳಗಾದಾಗ.