ದುರ್ವಾಸನೆ ಮರದಿಂದ ಕ್ಯಾನ್ಸರ್ ಔಷಧಿ: ಗಿಡಮೂಲಿಕೆ ಅಂದಮಾತ್ರಕ್ಕೆ ಸುರಕ್ಷಿತವೇ?

ಕಾರವಾರದ ತೋಡೂರು, ಅಂಕೋಲಾ ಕಡೆಯವರಿಗೆ ಕಾಸರಕ ಹೊಸ ಮರವೇನಲ್ಲ. ಅದರ ಬೀಜದಲ್ಲಿ ಸ್ಟ್ರಿಕ್ನೈನ್ ಎಂಬ ಕಡುವಿಷ ಇದೆ. ಹಾಗಂತ ಆಯುರ್ವೇದ ಅದನ್ನು ಕೈಬಿಟ್ಟಿಲ್ಲ, ಶುದ್ಧಿ ಮಾಡಿ ಅಳತೆ ಹಿಡಿದು ಬಳಸುತ್ತದೆ. ಹಾಗಾದರೆ ಗಿಡದಲ್ಲಿರೋ ಒಂದು ಅಂಶ ಎಷ್ಟರವರೆಗೆ ಮದ್ದು, ಎಲ್ಲಿಂದ ವಿಷ? ಇದನ್ನು ಪರೀಕ್ಷಿಸೋದು ಹೇಗೆ? ನಮ್ಮ ಪಶ್ಚಿಮ ಘಟ್ಟದ್ದೇ ಒಂದು ಮರದ ಕಥೆ ಕೇಳಿ.

ಅದು ದುರ್ವಾಸನೆ ಮರ. ಮರಾಠಿಯಲ್ಲಿ ನರಕ್ಯಾ. 1966ರಲ್ಲಿ ಅಮೆರಿಕದ ಮನ್ರೋ ವಾಲ್, ಮನ್ಸುಖ್ ವಾಣಿ ಮತ್ತು ಸಂಗಡಿಗರು ಚೀನಾ ಮೂಲದ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಸಂಯುಕ್ತ ಕಂಡುಹಿಡಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್, ಅದೇ ಅಂಶ ನಮ್ಮ ದುರ್ವಾಸನೆ ಮರದಲ್ಲೂ ಇದೆ ಎಂದು ತೋರಿಸಿದರು.

ಪ್ರಾಣಿಗಳಲ್ಲಿ ಕ್ಯಾನ್ಸರ್ ಗಡ್ಡೆ ಕುಗ್ಗಿತ್ತು, ಭರವಸೆ ದೊಡ್ಡದಿತ್ತು. ಆದರೆ ಅದು ನೀರಿನಲ್ಲಿ ಕರಗದು. ಅದಕ್ಕೇ ಸೋಡಿಯಂ ಲವಣವಾಗಿ ಬದಲಿಸಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟರು. ಬಿಳಿ ರಕ್ತಕಣ ಕುಸಿಯಿತು, ವಾಂತಿ-ಭೇದಿ ಶುರುವಾಯಿತು, ಕೆಲವರಿಗೆ ಮೂತ್ರದಲ್ಲಿ ರಕ್ತ ಬಂತು. ಪ್ರಯೋಗ ನಿಂತಿತು.

ಕಾರಣ ಏನು? ಲವಣ ಮಾಡುವಾಗ ಅಣುವಿನ ಒಂದು ಉಂಗುರ ತೆರೆದುಕೊಂಡು ಮದ್ದಿನ ಶಕ್ತಿ ತಗ್ಗುತ್ತಿತ್ತು. ಆಮ್ಲೀಯವಾದ ಮೂತ್ರಕ್ಕೆ ಬಂದಾಗ ಉಂಗುರ ಮತ್ತೆ ಮುಚ್ಚಿಕೊಂಡು, ಮೂತ್ರಕೋಶವನ್ನೇ ಸುಡುತ್ತಿತ್ತು.

1985ರಲ್ಲಿ ಈ ಅಂಶ ಟೊಪೊಐಸೋಮರೇಸ್-1 ಎಂಬ ಕಿಣ್ವವನ್ನು ಹಿಡಿದುಹಾಕುತ್ತದೆ ಎಂಬುದು ತಿಳಿಯಿತು. ಅಣುವಿನ ರಚನೆಯನ್ನು ತಿದ್ದಿ ಟೊಪೊಟಿಕಾನ್, ಇರಿನೊಟಿಕಾನ್ ತಯಾರಾದವು. 1996ರಲ್ಲಿ ಅಮೆರಿಕದಲ್ಲಿ ಎರಡಕ್ಕೂ ಅನುಮತಿ ಸಿಕ್ಕಿತು. ಕಂಡುಹಿಡಿದು ಮೂವತ್ತು ವರ್ಷ! ಇವತ್ತಿಗೂ ಇರಿನೊಟಿಕಾನ್ ಪೊಟ್ಟಣದ ಮೇಲೆ ತೀವ್ರ ಭೇದಿಯ ಎಚ್ಚರಿಕೆ ಇದೆ. ಕೆಲವರ ದೇಹ, ವಂಶವಾಹಿಯ ವ್ಯತ್ಯಾಸದಿಂದ, ಅದನ್ನು ನಿಧಾನವಾಗಿ ಹೊರಹಾಕುತ್ತದೆ. ಅಂಥವರಿಗೆ ಅದೇ ಡೋಸ್ ಹೆಚ್ಚಾಗಬಹುದು.

ಪರೀಕ್ಷೆ ಮೆಟ್ಟಿಲು ಮೆಟ್ಟಿಲಾಗಿ ನಡೆಯೋದು ಇದಕ್ಕೇ. ಮೊದಲು ಜೀವಕೋಶಗಳ ಮೇಲೆ. ಡಿಎನ್‌ಎ ಕೆಡುತ್ತದೆಯೇ ಎಂಬ ಪರೀಕ್ಷೆಯೂ ಇದೆ. ಆಮೇಲೆ ಪ್ರಾಣಿಗಳಲ್ಲಿ, ಒಂದೇ ಸಲ ಕೊಟ್ಟರೆ ಏನು, ದಿನಾ ಕೊಟ್ಟರೆ ಯಕೃತ್ತು, ಮೂತ್ರಪಿಂಡಕ್ಕೆ ಏನು ಅಂತ ನೋಡುತ್ತಾರೆ. ಕೊನೆಗೆ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಕಡಿಮೆ ಡೋಸ್‌ನಿಂದ, ಕೆಲವೇ ಜನರಲ್ಲಿ. ಭಾರತದಲ್ಲಿ ಈಗ ಇದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ನಡೆಯುತ್ತದೆ. ಸಸ್ಯದಿಂದ ಶುದ್ಧೀಕರಿಸಿದ ಔಷಧಿಗಳಿಗೆಂದೇ 2015ರಲ್ಲಿ ಪ್ರತ್ಯೇಕ ವರ್ಗವೂ ಬಂತು.

ಹಾಗಾದರೆ ತೊಗಟೆ ಕುದಿಸಿ ಕುಡಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಅದರಲ್ಲಿರುವ ಅಂಶ ಮರದಿಂದ ಮರಕ್ಕೆ, ಬೇರಿನಿಂದ ಎಲೆಗೆ ಬದಲಾಗುತ್ತದೆ. ಇಂಜೆಕ್ಷನ್‌ನಲ್ಲಿರುವ ಲೆಕ್ಕ ಕಷಾಯದ ಲೋಟದಲ್ಲಿ ಇರುವುದಿಲ್ಲ.

ಹಿರಿಯರ ಮದ್ದಿನ ಅರಿವು ದೊಡ್ಡದು, ಅದನ್ನು ಅಲ್ಲಗಳೆಯುವ ಮಾತಲ್ಲ ಇದು. ಆಸ್ಪತ್ರೆಯ ಔಷಧಿ ನಡೀತಿರುವಾಗ ಬೇರು-ತೊಗಟೆ ತಗೊಳ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಂತೂ ಹೇಳಲೇಬೇಕು.